ಜವೆ ಗೋಧಿ, ಮಣ್ಣಿನ ಭಟ್ಟಿ ಮತ್ತು ಫೋರ್ನಾಕ್ಸ್ ದೇವಿ

ರೋಮನ್ ದೇವತೆಗಳೆಂದರೆ ಜೂಪಿಟರ್, ವೀನಸ್, ಮಿನರ್ವಾ ಅಂತ ನಾಲ್ಕಾರು ಹೆಸರು ಎಲ್ಲರಿಗೂ ಗೊತ್ತು. ಅವರ ಹಿಂದೆ ಸಣ್ಣಪುಟ್ಟ ದೇವರುಗಳ ದೊಡ್ಡ ಸಾಲೇ ಇದೆ. ಬಾಗಿಲಿನ ತಿರುಗಣಿಗೆ ಒಬ್ಬಳು, ಮಗುವಿನ ತೊಟ್ಟಿಲಿಗೆ ಒಬ್ಬಳು, ಗೋಧಿಗೆ ಬರುವ ತುಕ್ಕು ರೋಗಕ್ಕೆ ಇನ್ನೊಬ್ಬ. ಆ ಸಾಲಿನಲ್ಲಿ ಫೋರ್ನಾಕ್ಸ್ ಎಂಬವಳೂ ಇದ್ದಾಳೆ. ಧಾನ್ಯ ಹುರಿಯುವ ಭಟ್ಟಿಯ ದೇವಿ. 4ನೇ ಶತಮಾನದ ಆರಂಭದ ಕ್ರೈಸ್ತ ಲೇಖಕ ಲಾಕ್ಟಾಂಟಿಯಸ್ ಇವಳ ಹೆಸರೆತ್ತಿದ್ದೇ ಗೇಲಿ ಮಾಡೋದಕ್ಕೆ. ಭಟ್ಟಿಯನ್ನೂ ದೇವಿ ಅಂತಾರಲ್ಲ, ಓದಿದವರೂ ಅವಳ ಹಬ್ಬ ಮಾಡ್ತಾರಲ್ಲ ಅಂತ.

ನನಗೆ ಅವಳು ಸಿಕ್ಕಿದ್ದು ರೋಮನ್ ಕವಿ ಓವಿಡ್‌ನ ‘ಫಾಸ್ಟಿ’ಯಲ್ಲಿ. ರೋಮ್‌ನ ಹಬ್ಬಗಳನ್ನು ತಿಂಗಳ ಪ್ರಕಾರ ಹೇಳಿಕೊಂಡು ಹೋಗುವ ಕಾವ್ಯ ಅದು. ಜನವರಿಯಿಂದ ಜೂನ್‌ವರೆಗಿನ ಆರು ತಿಂಗಳು ಮಾತ್ರ ಇದೆ. ಕ್ರಿ.ಶ. 8ರಲ್ಲಿ ಅಗಸ್ಟಸ್ ಚಕ್ರವರ್ತಿ ಓವಿಡ್‌ನನ್ನು ಕಪ್ಪು ಸಮುದ್ರದ ದಂಡೆಗೆ ಗಡೀಪಾರು ಮಾಡಿದ, ಉಳಿದ ಆರು ತಿಂಗಳು ನಮ್ಮ ಕೈಗೆ ಬರಲೇ ಇಲ್ಲ. ಪುಣ್ಯಕ್ಕೆ ಫೋರ್ನಾಕ್ಸ್ ಹಬ್ಬ ಫೆಬ್ರವರಿಯಲ್ಲಿತ್ತು, ಉಳಿದುಕೊಂಡಿತು.

ಓವಿಡ್ ಹೇಳೋದು ಇಷ್ಟು. ಹಿಂದಿನ ಕಾಲದ ರೈತರು ‘ಫಾರ್’ ಎಂಬ ಗೋಧಿ ಬೆಳೆಯುತ್ತಿದ್ದರು. ಅದನ್ನು ಬೆಂಕಿಯಲ್ಲಿ ಹುರಿಯಬೇಕೆಂದು ಅನುಭವದಿಂದ ಕಲಿತರು. ಕಲಿಯುವಾಗ ಬಹಳ ಕಳಕೊಂಡರು. ಕೆಲವೊಮ್ಮೆ ಗೋಧಿಯ ಬದಲು ಕರಿ ಬೂದಿ ಗುಡಿಸಬೇಕಾಯಿತು, ಕೆಲವೊಮ್ಮೆ ಗುಡಿಸಲಿಗೇ ಬೆಂಕಿ ಹತ್ತಿತು. ಆಗ ಭಟ್ಟಿಯನ್ನೇ ದೇವಿ ಮಾಡಿಕೊಂಡರು. ಕಾಳಿಗೆ ತಕ್ಕಷ್ಟೇ ಕಾವು ಕೊಡು, ಹದ ತಪ್ಪಿಸಬೇಡ ಅಂತ ಬೇಡಿಕೊಂಡರು.

ಮಳೆ ಬರಲಿ, ಫಸಲು ಹೆಚ್ಚಲಿ, ಗಂಡು ಮಗು ಹುಟ್ಟಲಿ ಎಂಬ ಪ್ರಾರ್ಥನೆಗಳನ್ನು ಎಲ್ಲ ಕಡೆ ಕೇಳಿದ್ದೇವೆ. ಹದ ತಪ್ಪದಿರಲಿ ಅಂತ ಬೇಡುವ ದೇವರು ನನಗೆ ಹೊಸದು. ಆ ಹದ ಅಷ್ಟು ಕಷ್ಟವಾ ಅಂತ ನೋಡಬೇಕೆನಿಸಿತು. ಇದನ್ನು ಧಾರವಾಡದ ನಮ್ಮ ಮನೆಯಲ್ಲೇ ನೋಡಲು ಸಾಧ್ಯವಾಗಿದ್ದಕ್ಕೆ ಒಂದು ಕಾರಣ ಇದೆ. ರೋಮನ್ನರ ‘ಫಾರ್’ ಮತ್ತು ನಮ್ಮ ಜವೆ ಗೋಧಿ ಎರಡೂ ಒಂದೇ ಜಾತಿಯ ಗೋಧಿ. ಸಸ್ಯಶಾಸ್ತ್ರದಲ್ಲಿ ಟ್ರಿಟಿಕಮ್ ಡೈಕಾಕಮ್. ಮರಾಠಿಯವರು ಖಪ್ಲಿ ಅಂತಾರೆ, ನಮ್ಮ ಕಡೆ ಸದಕ ಅಂತಲೂ ಹೇಳ್ತಾರೆ. ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡದ ಕಡೆ ಇದನ್ನು ಈಗಲೂ ಬೆಳೆಯುತ್ತಾರೆ. ಧಾರವಾಡ ಕೃಷಿ ವಿಶ್ವವಿದ್ಯಾಲಯ ಇದರ ಗಿಡ್ಡ ತಳಿಗಳನ್ನೂ ಬಿಟ್ಟಿದೆ, ಡಿಡಿಕೆ 1009, ಡಿಡಿಕೆ 1029 ಅಂತ. ಇಟಲಿಯಲ್ಲೂ ಬೆಳೆ ಪೂರ್ತಿ ಹೋಗಿಲ್ಲ. ಟಸ್ಕನಿಯ ಗರ್ಫಾನ್ಯಾನಾ ಬೆಟ್ಟಗಳಲ್ಲಿ, ಉಂಬ್ರಿಯಾದ ಮೋಂತೆಲಿಯೋನೆ ದಿ ಸ್ಪೊಲೇತೊದಲ್ಲಿ ಅದೇ ಕಾಳು ‘ಫಾರ್ರೊ’ ಹೆಸರಲ್ಲಿ ಬೆಳೆಯುತ್ತದೆ.

ಅಂಗಡಿಯ ಜವೆ ಗೋಧಿ ಈ ಕೆಲಸಕ್ಕೆ ಬರೋದಿಲ್ಲ. ಅದು ಹೊಟ್ಟು ಬಿಡಿಸಿದ್ದು, ಕೆಂಪಗೆ, ಉದ್ದಕ್ಕೆ, ನೇರವಾಗಿ ಹುಗ್ಗಿಗೆ ಹಾಕುವಂಥದ್ದು. ನನಗೆ ಬೇಕಿದ್ದು ಹೊಟ್ಟು ಸಮೇತ ಇರುವ ಕಾಳು. ಅದು ಸಿಗೋದು ಬಿತ್ತನೆಗೆ ಇಟ್ಟುಕೊಂಡ ರೈತರ ಹತ್ತಿರ. ಈ ಗೋಧಿಯನ್ನು ಹೊಟ್ಟು ಸಮೇತವೇ ಬಿತ್ತುತ್ತಾರೆ. ಪರಿಚಯದ ರೈತರೊಬ್ಬರು ಅರ್ಧ ಚೀಲ ಕೊಟ್ಟರು. ಹುರಿಯೋದಕ್ಕೆ ಅಂದಾಗ ಮುಖ ನೋಡಿದರು. ಬೀಜ ಹುರಿದರೆ ಅದಕ್ಕೇನು ಅರ್ಥ ಅಂತ ಅವರ ಪ್ರಶ್ನೆ. ನ್ಯಾಯವೇ.

ಮುರಿದ ತೆನೆಯ ಒಂದು ಗಂಟನ್ನು ಅಂಗೈಯಲ್ಲಿಟ್ಟು ನೋಡಿದರೆ ರೋಮನ್ನರ ತಾಪತ್ರಯ ಗೊತ್ತಾಗುತ್ತದೆ. ಸಾದಾ ಗೋಧಿಯನ್ನು ಬಡಿದರೆ ಕಾಳು ಬೇರೆ, ಹೊಟ್ಟು ಬೇರೆ. ಜವೆ ಗೋಧಿ ಹಾಗಲ್ಲ. ಬಡಿದಾಗ ತೆನೆ ಗಂಟುಗಂಟಾಗಿ ಮುರಿಯುತ್ತದೆ, ಒಂದೊಂದು ಗಂಟಿನಲ್ಲೂ ಎರಡು ಕಾಳು ಜೊತೆಯಾಗಿ ಕೂತಿರುತ್ತವೆ. ಮೇಲೆ ಚರ್ಮದ ಚೀಲದ ಹಾಗೆ ಬಿಗಿಯಾದ ಹೊಟ್ಟು. ತುದಿ ಉಗುರಿನಷ್ಟು ಚೂಪು. ಹೆಬ್ಬೆರಳಿನಲ್ಲಿ ಒತ್ತಿದರೆ ಬಾಗುತ್ತದೆ, ಬಿಡೋದಿಲ್ಲ. ಹಲ್ಲಿನಲ್ಲಿ ಕಚ್ಚಿ ತೆಗೆಯಬಹುದು, ಆದರೆ ಹಾಗೆ ಎಷ್ಟು ತೆಗೆದೀರಿ? ಈ ಹೊಟ್ಟಿನಿಂದ ಲಾಭವೂ ಇದೆ. ಹುಳ ಬೇಗ ಮುಟ್ಟೋದಿಲ್ಲ, ತೇವ ಬೇಗ ಒಳಗೆ ಇಳಿಯೋದಿಲ್ಲ. ಕೂಡಿಡಲು ಒಳ್ಳೇದು, ಅಡುಗೆಗೆ ಕಷ್ಟ.

ಮೊದಲು ಕಬ್ಬಿಣದ ಬಾಣಲೆಯಲ್ಲಿ ಶುರು ಮಾಡಿದೆ. ಎರಡು ಮುಷ್ಟಿಯಷ್ಟು, ಸಣ್ಣ ಉರಿ, ಕೈ ಬಿಡದೆ ಕೆದಕೋದು. ಮೊದಲ ನಾಲ್ಕೈದು ನಿಮಿಷ ಏನೂ ಆಗೋದಿಲ್ಲ, ಒದ್ದೆ ಹುಲ್ಲಿನ ವಾಸನೆ ಬರುತ್ತದೆ ಅಷ್ಟೆ. ಬಾಣಲೆ ಮೇಲೆ ತಟ್ಟೆ ಹಿಡಿದರೆ ಹನಿ ಕಟ್ಟುತ್ತದೆ, ಒಳಗಿನ ನೀರು ಹೋಗ್ತಿದೆ ಅಂತ. ಆಮೇಲೆ ಸದ್ದು ಬದಲಾಗುತ್ತದೆ. ಮೆತ್ತಗೆ ಸರಸರ ಅನ್ನುತ್ತಿದ್ದದ್ದು ಗಲಗಲ ಅನ್ನುತ್ತದೆ. ಅಲ್ಲೊಂದು ಇಲ್ಲೊಂದು ಚಟ್ ಅನ್ನುತ್ತದೆ. ಹೊಟ್ಟಿನ ಬಣ್ಣ ಒಣ ಹುಲ್ಲಿನಿಂದ ತೆಳು ಜೇನಿನ ಕಡೆಗೆ ತಿರುಗುತ್ತದೆ. ಆಗ ಹುರಿದ ಕಡಲೆಯಂಥ ಘಮ ಬರುತ್ತದೆ. ಒಂದು ಗಂಟು ತೆಗೆದು ತಣಿಸಿ ಉಗುರಿನಿಂದ ಒತ್ತಿದರೆ ಹೊಟ್ಟು ಪುಟ್ಟನೆ ಒಡೆಯಬೇಕು. ಬಾಗಿದರೆ ಇನ್ನೂ ಆಗಿಲ್ಲ. ಇಷ್ಟೇ ಹದ.

ಈ ಘಮಕ್ಕೂ ಹೊಗೆಗೂ ನಡುವೆ ಸಿಗೋದು ಒಂದು ನಿಮಿಷಕ್ಕಿಂತ ಕಡಿಮೆ. ಅದನ್ನು ಖಚಿತ ಮಾಡಿಕೊಳ್ಳಲು ಒಂದು ಮುಷ್ಟಿಯನ್ನು ಬೇಕಂತಲೇ ಬಾಣಲೆಯಲ್ಲಿ ಬಿಟ್ಟೆ, ಕೆದಕಲಿಲ್ಲ. ತಳದ ಹೊಟ್ಟು ಮೊದಲು ಕಂದಾಯಿತು, ಅಂಚುಗಳಲ್ಲಿ ಕೆಂಪು ಕಿಡಿ ಓಡಾಡಿತು, ಆಮೇಲೆ ಒಮ್ಮೆಲೇ ಭಗ್ ಅಂತ ಉರಿ ಎದ್ದಿತು. ಕಾಳು ಸುಡುವ ಮೊದಲೇ ಹೊಟ್ಟು ಹತ್ತಿಕೊಳ್ಳುತ್ತದೆ, ಅದೇ ಇದರ ಕಿತಾಪತಿ. ಮುಚ್ಚಳ ಮುಚ್ಚಿ ಆರಿಸಿದೆ. ತೆಗೆದು ನೋಡಿದರೆ ಹೊರಗೆ ಬೂದಿ, ಒಳಗೆ ಕೆಲವು ಕಾಳು ಇದ್ದಿಲು, ಕೆಲವು ಇನ್ನೂ ಹಸಿ. ಬೂದಿ ಗುಡಿಸಿದರು ಎಂಬ ಓವಿಡ್‌ನ ಮಾತು ಬರೀ ಕಾವ್ಯದ ಅಲಂಕಾರ ಅಲ್ಲ. ಹುಲ್ಲಿನ ಮಾಡಿನ ಗುಡಿಸಲು, ಒಳಗೆ ಮಣಗಟ್ಟಲೆ ಒಣ ಹೊಟ್ಟು, ಪಕ್ಕದಲ್ಲಿ ಬೆಂಕಿ. ಮನೆ ಉಳಿದದ್ದೇ ಹೆಚ್ಚು.

ಬಾಣಲೆಯಲ್ಲಿ ಕಾಣುವ ಹಾಗೆ ಹುರಿಯಬಹುದು. ಭಟ್ಟಿಯೊಳಗೆ ಏನಾಗ್ತಿದೆ ಅಂತ ಕಾಣೋದಿಲ್ಲ. ದೇವಿಯ ಅಗತ್ಯ ಬೀಳೋದು ಅಲ್ಲೇ ಅನಿಸಿ ಹಿತ್ತಲಲ್ಲಿ ಒಂದು ಸಣ್ಣ ಮಣ್ಣಿನ ಭಟ್ಟಿ ಕಟ್ಟಿದೆ. ಕೆಳಗೆ ಇಟ್ಟಿಗೆ ಹಾಸು, ಮೇಲೆ ಒದ್ದೆ ಮರಳಿನ ಗುಡ್ಡೆ, ಗುಡ್ಡೆಯ ಮೇಲೆ ನಾಲ್ಕು ಬೆರಳು ದಪ್ಪ ಮಣ್ಣಿನ ಪದರ. ಮಣ್ಣು ಬಿಗಿದ ಮೇಲೆ ಬಾಯಿ ಕೊರೆದು ಮರಳನ್ನು ಹೊರಗೆ ಎಳೆದುಬಿಡೋದು. ಎರೆಮಣ್ಣು ಬೇಡವೇ ಬೇಡ, ಒಣಗುವಾಗ ಬಿರಿದು ಬಾಯಿಬಿಡುತ್ತದೆ. ಕೆಂಪು ಮಣ್ಣಿಗೆ ಹೊಟ್ಟು ಬೆರೆಸಿ ತುಳಿದು ಹದ ಮಾಡಿದ್ದು ಚೆನ್ನಾಗಿ ನಿಂತಿತು. ಒಣಗಲು ತಿಂಗಳು ಹತ್ತಿರ ಬಿಟ್ಟೆ. ಮೊದಲು ದಿನಾ ಸಣ್ಣ ಬೆಂಕಿ, ಆಮೇಲೆ ದೊಡ್ಡದು. ಅವಸರ ಮಾಡಿದರೆ ಗುಮ್ಮಟ ಸೀಳುತ್ತದೆ.

ಭಟ್ಟಿ ಕಾಯಿಸಿ, ಕೆಂಡ ಹೊರಗೆ ಎಳೆದು, ನೆಲ ಒರೆಸಿದ ಮೇಲೆ ಕೂಡಲೇ ಗೋಧಿ ಇಡೋ ಹಾಗಿಲ್ಲ. ಒಂದು ಚಿಟಿಕೆ ಹೊಟ್ಟು ಒಳಗೆ ಎಸೆದು ನೋಡಬೇಕು. ಎಣಿಸುವಷ್ಟರಲ್ಲಿ ಕಪ್ಪಾದರೆ ಇನ್ನೂ ಕಾಯಬೇಕು. ನಿಧಾನಕ್ಕೆ ಕಂದಾದರೆ ಸರಿ. ಅಗಲವಾದ ಮಣ್ಣಿನ ತಟ್ಟೆಯಲ್ಲಿ ಒಂದು ಬೆರಳು ದಪ್ಪ ಹರಡಿ ಒಳಗೆ ತಳ್ಳಿದೆ, ಬಾಯಿ ಅರ್ಧ ಮುಚ್ಚಿದೆ, ನಡುನಡುವೆ ಎಳೆದು ಕೈಯಾಡಿಸಿದೆ. ಕಣ್ಣಿಗೆ ಕೆಲಸವಿಲ್ಲ, ಮೂಗಿಗೇ ಎಲ್ಲ. ಗೋಡೆಗೆ ಹತ್ತಿರದ ಭಾಗ ಬೇಗ ಆಗುತ್ತದೆ, ಬಾಯಿಯ ಕಡೆಯದು ಹಿಂದೆ ಬೀಳುತ್ತದೆ. ತಟ್ಟೆ ತಿರುಗಿಸುತ್ತಾ ಇರಬೇಕು. ಇಲ್ಲಿ ಯಾರಾದರೂ ಮಾತಾಡಿಸಿದರೆ ನನಗೆ ಸಿಟ್ಟು ಬರುತ್ತಿತ್ತು. ಮನೆಯವರು ಅದನ್ನು ಭಕ್ತಿ ಅಂತ ತಮಾಷೆ ಮಾಡಿದರು.

ಹುರಿದ ಮೇಲೆ ಕುಟ್ಟುವುದು. ಕಲ್ಲಿನ ಒರಳು, ಮರದ ಒನಕೆ. ಬಿಸಿ ಪೂರ್ತಿ ಆರಿದ ಮೇಲೆ ಕುಟ್ಟಿದರೆ ಹೊಟ್ಟು ಗರಿಗರಿಯಾಗಿ ಪುಡಿಯಾಗುತ್ತದೆ. ಬೆಚ್ಚಗಿದ್ದಾಗ ಅಷ್ಟು ಚೆನ್ನಾಗಿ ಬಿಡೋದಿಲ್ಲ. ಎತ್ತಿ ಹೊಡೆಯಬಾರದು, ಒನಕೆಯ ಭಾರಕ್ಕೆ ಬಿಟ್ಟುಬಿಡಬೇಕು. ನಮ್ಮ ಒನಕೆಯ ತುದಿಗೆ ಕಬ್ಬಿಣದ ಬಳೆ ಇದೆ. ಬಲ ಹಾಕಿದರೆ ಕಾಳು ನುಚ್ಚಾಗುತ್ತದೆ. ಇದನ್ನೇ ಕ್ರಿ.ಶ. 1ನೇ ಶತಮಾನದಲ್ಲಿ ರೋಮನ್ ಲೇಖಕ ಪ್ಲಿನಿ ಬರೆದಿಟ್ಟಿದ್ದಾನೆ. ಎಟ್ರೂರಿಯಾದಲ್ಲಿ, ಅಂದರೆ ಇವತ್ತಿನ ಟಸ್ಕನಿಯ ಕಡೆ, ಹುರಿದ ಫಾರ್ ತೆನೆಗಳನ್ನು ಕಬ್ಬಿಣದ ತುದಿಯ ಒನಕೆಯಿಂದ ಕುಟ್ಟುತ್ತಾರೆ, ಜೋರಾಗಿ ಕುಟ್ಟಿದರೆ ಕಾಳು ತುಂಡಾಗುತ್ತದೆ, ಕಬ್ಬಿಣವೂ ಮುರಿಯುತ್ತದೆ ಅಂತ. ಕೈಯಲ್ಲಿ ಕುಟ್ಟಿದವರನ್ನು ಹತ್ತಿರದಿಂದ ನೋಡದೆ ಇಂಥ ಮಾತು ಬರೋದಿಲ್ಲ.

ಮೊರದಲ್ಲಿ ಕೇರಿದರೆ ಹೊಟ್ಟು ಹಾರಿ ಹೋಗುತ್ತದೆ. ಮೊದಲ ಸಲಕ್ಕೆ ಮುಕ್ಕಾಲು ಪಾಲು ಬಿಡುತ್ತದೆ, ಉಳಿದದ್ದನ್ನು ಮತ್ತೆ ಒರಳಿಗೆ ಹಾಕಬೇಕು. ಒಂದು ಕಿಲೋ ಹೊಟ್ಟಿನ ಗೋಧಿಗೆ ನನಗೆ ಸಿಕ್ಕಿದ್ದು 700 ಗ್ರಾಂ ಆಸುಪಾಸು, ಅದರಲ್ಲೂ ಒಂದಿಷ್ಟು ನುಚ್ಚು.

ಇಲ್ಲಿಗೆ ಒಂದು ಅನುಮಾನ ಬಂತು. ನಮ್ಮ ಕಡೆ ಹುಗ್ಗಿಗೆ ಗೋಧಿ ಕುಟ್ಟುವಾಗ ಹುರಿಯೋದಿಲ್ಲ, ನೀರು ಚಿಮುಕಿಸಿ, ಸ್ವಲ್ಪ ಹೊತ್ತು ಬಿಟ್ಟು ಕುಟ್ಟುತ್ತಾರೆ. ಅದೇ ದಾರಿಯಲ್ಲಿ ಹೊಟ್ಟಿನ ಜವೆ ಗೋಧಿಯನ್ನೂ ಕುಟ್ಟಿ ನೋಡಿದೆ. ಬಿಡುತ್ತದೆ! ಒದ್ದೆ ಹೊಟ್ಟು ಒಂದಕ್ಕೊಂದು ಉಜ್ಜಿ ಕಳಚಿಕೊಳ್ಳುತ್ತದೆ, ಕಾಳೂ ಕಡಿಮೆ ಒಡೆಯುತ್ತದೆ. ಹಳೆಯ ಈಜಿಪ್ಟಿನಲ್ಲೂ ಇದೇ ಜಾತಿಯ ಗೋಧಿಯನ್ನು ಹೀಗೆ ಒದ್ದೆ ಮಾಡಿ ಕುಟ್ಟುತ್ತಿದ್ದರು ಅಂತ ಪುರಾತತ್ವದವರು ಹೇಳುತ್ತಾರೆ. ಹಾಗಾದರೆ ರೋಮನ್ನರು ಗುಡಿಸಲು ಸುಟ್ಟುಕೊಂಡು ಹುರಿದದ್ದು ಯಾಕೆ?

ಪ್ಲಿನಿ ಒಂದು ಉತ್ತರ ಕೊಡುತ್ತಾನೆ, ನನಗೆ ಬಹಳ ಇಷ್ಟವಾದ ಉತ್ತರ. ರೋಮ್‌ನ ಎರಡನೇ ರಾಜ ನೂಮಾ ಜನರಿಗೆ ಫಾರ್ ಹುರಿಯುವ ರೂಢಿ ಮಾಡಿಸಿದನಂತೆ. ಹುರಿದದ್ದು ತಿಂದರೆ ಆರೋಗ್ಯಕ್ಕೆ ಒಳ್ಳೆಯದು ಅಂತ. ಅದಕ್ಕೆ ಅವನು ಹಿಡಿದ ದಾರಿ ಒಂದೇ. ಹುರಿಯದ ಫಾರ್ ದೇವರ ಕೆಲಸಕ್ಕೆ ಮಡಿಯಲ್ಲ ಅಂತ ಸಾರಿಬಿಟ್ಟ. ಫೋರ್ನಕೇಲಿಯಾ ಎಂಬ ಹುರಿಯುವ ಹಬ್ಬವನ್ನು ಸ್ಥಾಪಿಸಿದ್ದೂ ಅವನೇ ಅಂತೆ. ಆರೋಗ್ಯ ಇಲಾಖೆಯ ಸುತ್ತೋಲೆಯನ್ನು ಮಡಿಯ ಲೆಕ್ಕದಲ್ಲಿ ಹೊರಡಿಸಿದ ರಾಜ! ನೂಮಾ ನಿಜಕ್ಕೂ ಇದ್ದನಾ ಎಂಬುದು ಬೇರೆ ಚರ್ಚೆ. ಈ ರೀತಿ ಯೋಚಿಸಿದವರು ಯಾರೋ ಇದ್ದರು ಅನ್ನೋದಂತೂ ನಿಜ.

ನನ್ನದೂ ಒಂದು ಊಹೆ ಇದೆ. ಒದ್ದೆ ಮಾಡಿ ಕುಟ್ಟಿದ ಕಾಳನ್ನು ಮತ್ತೆ ಒಣಗಿಸಬೇಕು. ಧಾರವಾಡದ ಫೆಬ್ರವರಿಯಲ್ಲಿ ಅದಕ್ಕೆ ಒಂದು ಚಾಪೆ ಸಾಕು, ಸಂಜೆಯೊಳಗೆ ಗರಿಗರಿ. ರೋಮ್‌ನಲ್ಲಿ ಫೆಬ್ರವರಿ ಅಂದರೆ ಚಳಿ, ಮಳೆ, ಮೋಡ. ಅಲ್ಲಿ ಬಿಸಿಲಿನ ಕೆಲಸ ಬೆಂಕಿಯೇ ಮಾಡಬೇಕು.

ಹಬ್ಬ ಫೆಬ್ರವರಿಯಲ್ಲಿ ಯಾಕೆ ಅನ್ನೋದು ಮೊದಲು ನನಗೆ ತಿಳಿಯಲಿಲ್ಲ. ಇಟಲಿಯಲ್ಲಿ ಗೋಧಿ ಕೊಯ್ಲು ಬೇಸಿಗೆಯಲ್ಲಿ. ಅದಾದ ಏಳೆಂಟು ತಿಂಗಳಿಗೆ ಹುರಿಯುವ ಹಬ್ಬವಾ? ಉತ್ತರ ರೋಮನ್ ವಿದ್ವಾಂಸ ವಾರ್ರೋ ಬರೆದ ಕೃಷಿ ಪುಸ್ತಕದಲ್ಲಿದೆ. ಕೊಯ್ಲಿನಲ್ಲಿ ತೆನೆ ಸಮೇತ ಕೂಡಿಟ್ಟ ಫಾರ್ ಅನ್ನು ಊಟಕ್ಕೆ ಬಳಸಬೇಕಾದರೆ ಚಳಿಗಾಲದಲ್ಲಿ ಹೊರತೆಗೆದು ಕುಟ್ಟಿ ಹುರಿಯಬೇಕು ಅನ್ನುತ್ತಾನೆ. ಹೊಲದಲ್ಲಿ ಕೆಲಸ ಕಡಿಮೆ ಇರುವ ಕಾಲ, ಕೈ ಖಾಲಿ, ಬೆಂಕಿಯ ಹತ್ತಿರ ಕೂರಲು ಯಾರಿಗೂ ಬೇಜಾರಿಲ್ಲ. ಹೊಟ್ಟಿನೊಳಗೆ ಕಾಳು ಅಲ್ಲಿವರೆಗೆ ಭದ್ರ.

ಹಬ್ಬದ ಕಥೆ ಇನ್ನೂ ಸ್ವಾರಸ್ಯ. ರೋಮ್‌ನ ಜನರನ್ನು ಬಹಳ ಹಿಂದೆಯೇ ಕ್ಯೂರಿಯಾ ಎಂಬ 30 ಗುಂಪುಗಳಾಗಿ ಹಂಚಿದ್ದರು. ಪ್ರತಿ ಕ್ಯೂರಿಯಾಗೂ ತನ್ನದೇ ಮುಖ್ಯಸ್ಥ, ತನ್ನದೇ ಮನೆ, ತನ್ನದೇ ಊಟ. ಎಲ್ಲರ ಮೇಲೆ ಕ್ಯೂರಿಯೋ ಮ್ಯಾಕ್ಸಿಮಸ್ ಅಂತ ಒಬ್ಬ ದೊಡ್ಡ ಪೂಜಾರಿ. ಕ್ರಿ.ಪೂ. 209ರವರೆಗೆ ಈ ಹುದ್ದೆ ಮೇಲ್ಮನೆತನದವರಿಗೇ ಮೀಸಲಾಗಿತ್ತು. ಆ ವರ್ಷ ಗಾಯುಸ್ ಮಾಮಿಲಿಯುಸ್ ಅತೆಲ್ಲುಸ್ ಎಂಬ ಸಾಮಾನ್ಯ ವರ್ಗದವನು ಮೊದಲ ಸಲ ಆ ಜಾಗಕ್ಕೆ ಬಂದ. ಫೋರ್ನಕೇಲಿಯಾಕ್ಕೆ ಪಂಚಾಂಗದಲ್ಲಿ ಖಾಯಂ ತಾರೀಕಿರಲಿಲ್ಲ. ಈ ದೊಡ್ಡ ಪೂಜಾರಿ ಗೊತ್ತಾದ ಮಾತುಗಳಲ್ಲಿ ದಿನ ಸಾರುತ್ತಿದ್ದ. ಊರ ನಡುವಿನ ಚೌಕವಾದ ಫೋರಮ್‌ನಲ್ಲಿ ಸುತ್ತಲೂ ಹಲಗೆಗಳನ್ನು ತೂಗುಹಾಕಿ, ಒಂದೊಂದು ಕ್ಯೂರಿಯಾಕ್ಕೂ ಒಂದು ಗುರುತು ಹಾಕುತ್ತಿದ್ದರು. ಜನ ತಮ್ಮ ಗುರುತು ಹುಡುಕಿಕೊಂಡು ಹೋಗಬೇಕು.

ಆದರೆ ಓವಿಡ್‌ನ ಕಾಲಕ್ಕೆ ಬಹಳ ಜನರಿಗೆ ತಮ್ಮ ಕ್ಯೂರಿಯಾ ಯಾವುದು ಅಂತಲೇ ಗೊತ್ತಿರಲಿಲ್ಲ. ಕ್ಯೂರಿಯಾಗಳ ಸಭೆಯೂ ಆಗ ಹೆಸರಿಗಷ್ಟೇ. 30 ಜನ ಚಾಕರರು ಬಂದು ನಿಂತರೆ ಇಡೀ 30 ಕ್ಯೂರಿಯಾ ಬಂದ ಹಾಗೆ. ತಮ್ಮ ಕ್ಯೂರಿಯಾ ಗೊತ್ತಿಲ್ಲದವರಿಗೆಲ್ಲ ಹಬ್ಬದ ಕೊನೆಯ ದಿನ, ಫೆಬ್ರವರಿ 17, ಕ್ವಿರಿನೇಲಿಯಾ ಹಬ್ಬದ ದಿನ. ಅದಕ್ಕೆ ದಡ್ಡರ ಹಬ್ಬ ಅಂತಲೇ ಹೆಸರು ಬಿತ್ತು. ಗ್ರೀಕ್ ಲೇಖಕ ಪ್ಲುಟಾರ್ಕ್ ಸ್ವಲ್ಪ ಮೆದು ಮನಸ್ಸಿನವನು. ಕೆಲಸದ ಗಡಿಬಿಡಿಯಲ್ಲಿ ತಪ್ಪಿಸಿಕೊಂಡವರು, ಊರಲ್ಲಿ ಇಲ್ಲದವರು, ಅವರಿಗೂ ಆ ದಿನ ಅಂತ ಸೇರಿಸುತ್ತಾನೆ. ದಡ್ಡರಿಗೂ ಒಂದು ದಿನ ತೆಗೆದಿಟ್ಟು, ಅವರ ಪಾಲೂ ದೇವಿಗೆ ಸಲ್ಲಲಿ ಅಂದದ್ದು ನನಗೆ ಹಿಡಿಸಿತು. ನನಗಂತೂ ಯಾವ ಕ್ಯೂರಿಯಾವೂ ಇಲ್ಲ. ಹಾಗಾಗಿ ದೊಡ್ಡ ಭಟ್ಟಿ ಹಚ್ಚಲು ಫೆಬ್ರವರಿ 17ನ್ನೇ ಹಿಡಿದೆ.

ಊಟ ಹೇಗಿರುತ್ತಿತ್ತು? ಕ್ರಿ.ಪೂ. 1ನೇ ಶತಮಾನದ ಕೊನೆಯಲ್ಲಿ ರೋಮ್‌ಗೆ ಬಂದು ನೆಲೆಸಿದ ಹಲಿಕರ್ನಾಸಸ್‌ನ ಡಯೊನೀಸಿಯಸ್ ಕ್ಯೂರಿಯಾಗಳ ಮನೆಯೊಳಗೆ ಕಣ್ಣಾರೆ ನೋಡಿದ್ದನ್ನು ಬರೆದಿದ್ದಾನೆ. ಹಳೆಯ ಮರದ ಮೇಜುಗಳ ಮೇಲೆ, ಬುಟ್ಟಿಗಳಲ್ಲಿ, ಸಣ್ಣ ಮಣ್ಣಿನ ತಟ್ಟೆಗಳಲ್ಲಿ ಬಾರ್ಲಿ ರೊಟ್ಟಿ, ಫಾರ್‌ನ ತಿನಿಸು, ಒಂದಿಷ್ಟು ಹಣ್ಣು. ದ್ರಾಕ್ಷಾರಸ ಎರೆಯಲು ಬೆಳ್ಳಿ ಬಂಗಾರ ಇಲ್ಲ, ಮಣ್ಣಿನ ಕುಡಿಕೆ. ಲೋಕವನ್ನೇ ಗೆದ್ದು ಶ್ರೀಮಂತವಾಗಿದ್ದ ಊರಿನಲ್ಲಿ ಇಷ್ಟು ಸರಳವಾಗಿ ಉಳಿಸಿಕೊಂಡಿದ್ದಾರಲ್ಲ ಅಂತ ಅವನು ಮೆಚ್ಚಿಕೊಳ್ಳುತ್ತಾನೆ. ಬದಲಾಗದಿರೋದರಲ್ಲಿ ರೋಮನ್ನರ ಹಠವೂ ಕಡಿಮೆ ಇಲ್ಲ. ಹಳೆಯ ಮನೆಗಳು ಚಿಕ್ಕವಾದವೆಂದು ಹೊಸ ಕಟ್ಟಡ ಕಟ್ಟಿಸಿದಾಗಲೂ ಫೋರಿಯೆನ್ಸಿಸ್, ರಾಪ್ಟಾ, ವೆಲಿಯೆನ್ಸಿಸ್, ವೆಲಿಟಿಯಾ ಎಂಬ ಕ್ಯೂರಿಯಾಗಳ ಪೂಜೆ ಹಳೆಯ ಜಾಗದಲ್ಲೇ ನಡೆಯುತ್ತಿತ್ತು.

ನಾನು ಮೊದಲು ಮಾಡಿದ್ದು ಸಾದಾ ಅಂಬಲಿ, ಅವರ ‘ಪುಲ್ಸ್’. ಹುರಿದು ಕುಟ್ಟಿದ ಗೋಧಿಯನ್ನು ಬೀಸುವ ಕಲ್ಲಿನಲ್ಲಿ ದಪ್ಪ ರವೆಯಾಗಿ ಒಡೆದು, ನೀರು, ಉಪ್ಪು ಹಾಕಿ ಮಣ್ಣಿನ ಗಡಿಗೆಯಲ್ಲಿ ಮುಕ್ಕಾಲು ಗಂಟೆ ಬೇಯಿಸಿದ್ದು. ಒಂದಕ್ಕೆ ಐದು ನೀರು ಬೇಕು. ಬಣ್ಣ ತೆಳು ಕಂದು, ರುಚಿಯಲ್ಲಿ ಹೊಗೆಯ ಎಳೆ. ಎಣ್ಣೆ ಸ್ವಲ್ಪ ಮೇಲೆ ಬಿಟ್ಟರೆ ಚೆನ್ನ. ಹುರಿಯದ ಗೋಧಿಯದಕ್ಕಿಂತ ಇದು ಬೇಗ ಬೇಯುತ್ತದೆ, ಅಂಟೂ ಕಡಿಮೆ. ರೋಮನ್ನರು ಬಹಳ ಕಾಲ ಬದುಕಿದ್ದು ರೊಟ್ಟಿಯ ಮೇಲಲ್ಲ, ಈ ಅಂಬಲಿಯ ಮೇಲೆ ಅಂತ ಪ್ಲಿನಿ ಬರೆಯುತ್ತಾನೆ.

ಕ್ರಿ.ಪೂ. 149ರಲ್ಲಿ ತೀರಿಕೊಂಡ ರೋಮನ್ ರಾಜಕಾರಣಿ ಹಿರಿಯ ಕೇಟೋ ಕೃಷಿಯ ಪುಸ್ತಕದಲ್ಲಿ ಅಡುಗೆಗಳನ್ನೂ ಬರೆದಿಟ್ಟಿದ್ದಾನೆ. ಒಂದು ಹೀಗಿದೆ: ಅರ್ಧ ಪೌಂಡ್ ಗೋಧಿಯನ್ನು ಒರಳಿಗೆ ಹಾಕಿ, ತೊಳೆದು, ಸಿಪ್ಪೆ ಚೆನ್ನಾಗಿ ಬಿಡಿಸಿ, ಮತ್ತೆ ತೊಳೆದು, ಗಡಿಗೆಯಲ್ಲಿ ನೀರು ಹಾಕಿ ಬೇಯಿಸು, ಬೆಂದ ಮೇಲೆ ಕೆನೆಯಷ್ಟು ಗಟ್ಟಿಯಾಗುವವರೆಗೆ ಸ್ವಲ್ಪಸ್ವಲ್ಪವೇ ಹಾಲು ಸೇರಿಸು. ಬೆಲ್ಲ ಒಂದು ಇಲ್ಲ, ಉಳಿದದ್ದೆಲ್ಲ ನಮ್ಮ ಗೋಧಿ ಹುಗ್ಗಿಯೇ. ಓದಿ ಹೇಳಿದಾಗ ನಮ್ಮಮ್ಮ ‘ಏಲಕ್ಕಿ ಬೇಡವಂತಾ?’ ಅಂದರು. ರೋಮನ್ ಪೌಂಡ್ ಸುಮಾರು 327 ಗ್ರಾಂ, ಅರ್ಧ ಅಂದರೆ 160ರ ಮೇಲೆ ಸ್ವಲ್ಪ. ಇಬ್ಬರು ಮೂವರಿಗೆ ಸಾಕು. ಇನ್ನೊಂದು ಇದೆ, ಪ್ಯೂನಿಕ್ ಅಂದರೆ ಕಾರ್ತೇಜಿನವರ ಅಂಬಲಿ. ನೆನೆಸಿದ ಒಂದು ಪೌಂಡ್ ಗೋಧಿ ನುಚ್ಚು, ಮೂರು ಪೌಂಡ್ ಹೊಸ ಚೀಸ್, ಅರ್ಧ ಪೌಂಡ್ ಜೇನು, ಒಂದು ಮೊಟ್ಟೆ. ಪನೀರ್ ಹಾಕಿ ಕಾಲು ಅಳತೆಯಲ್ಲಿ ಮಾಡಿದೆ, ಮೊಟ್ಟೆ ಅಂದಾಜಿಗೆ ಹಾಕಿದೆ. ಹೊಟ್ಟೆಗೆ ಭಾರ. ಒಂದು ಬಟ್ಟಲಿಗಿಂತ ಜಾಸ್ತಿ ಯಾರೂ ತಿನ್ನಲಿಲ್ಲ.

ಹುರಿದ ಹಿಟ್ಟಿನಲ್ಲಿ ಉಬ್ಬಿದ ಬ್ರೆಡ್ ಮಾಡುವ ಆಸೆ ಬೇಡ. ಹುರಿದಾಗ ಗೋಧಿಯ ಜಿಗುಟು ಸಾಯುತ್ತದೆ, ನಾದಿದರೆ ಹಿಟ್ಟು ಎಳೆಯಾಗಿ ಬರೋದಿಲ್ಲ, ಹರಿದು ತುಂಡಾಗುತ್ತದೆ. ದಪ್ಪ ಬಿಲ್ಲೆ ತಟ್ಟಿ ಅದೇ ಭಟ್ಟಿಯ ಇಳಿಗಾವಿನಲ್ಲಿ ಇಟ್ಟರೆ ತಿನ್ನುವಂಥ ಬಿಸ್ಕತ್ತು ಆಗುತ್ತದೆ. ಪ್ಲಿನಿ ಪ್ರಕಾರ ರೋಮ್‌ಗೆ ಬ್ರೆಡ್ ಮಾಡುವ ವೃತ್ತಿಯವರು ಬಂದದ್ದು ಮ್ಯಾಸಿಡೋನಿಯಾದ ಪರ್ಸಿಯಸ್ ಜೊತೆ ಯುದ್ಧ ನಡೆದಾಗ, ಅಂದರೆ ಕ್ರಿ.ಪೂ. 171ರ ಸುಮಾರಿಗೆ. ಹೊಟ್ಟು ಸುಲಭವಾಗಿ ಬಿಡುವ ಗೋಧಿ ಊಟಕ್ಕೆ ಹೆಚ್ಚಿದ ಹಾಗೆ ಹುರಿಯುವ ಕೆಲಸ ಅಡುಗೆಮನೆಯಿಂದ ಜಾರಿ ಪೂಜೆಯಲ್ಲಿ ಮಾತ್ರ ಉಳಿಯಿತು ಅಂತ ನಾನು ತಿಳಿದುಕೊಂಡಿದ್ದೇನೆ.

ಪೂಜೆಯಲ್ಲಿ ಉಳಿದದ್ದು ಮೋಲಾ ಸಾಲ್ಸಾ, ಉಪ್ಪು ಬೆರೆಸಿದ ಹುರಿಹಿಟ್ಟು. ಬಲಿಯ ಪ್ರಾಣಿಯ ತಲೆಗೆ ಅದನ್ನು ಉದುರಿಸದೆ ಬಲಿ ಇಲ್ಲ. ಅದನ್ನು ಮಾಡುತ್ತಿದ್ದವರು ಒಲೆಯ ಬೆಂಕಿಯ ದೇವಿ ವೆಸ್ಟಾಳ ಕನ್ಯಾ ಪೂಜಾರಿಣಿಯರು. ಅವರಲ್ಲಿ ಹಿರಿಯರಾದ ಮೂವರು ಮೇ 7ರಿಂದ 14ರವರೆಗೆ ದಿನ ಬಿಟ್ಟು ದಿನ ಫಾರ್ ತೆನೆಗಳನ್ನು ಬುಟ್ಟಿಯಲ್ಲಿ ಇಟ್ಟು, ತಾವೇ ಹುರಿದು, ಕುಟ್ಟಿ, ಬೀಸಿ ಇಡುತ್ತಿದ್ದರು. ಅದಕ್ಕೆ ವರ್ಷದಲ್ಲಿ ಮೂರು ಸಲ ಉಪ್ಪು ಬೆರೆಸುತ್ತಿದ್ದರು: ಫೆಬ್ರವರಿಯ ಲುಪರ್ಕೇಲಿಯಾ ಹಬ್ಬ, ಜೂನ್‌ನ ವೆಸ್ಟೇಲಿಯಾ ಹಬ್ಬ, ಸೆಪ್ಟೆಂಬರ್ 13. ಉಪ್ಪೂ ಸಾದಾ ಅಲ್ಲ. ಕುಟ್ಟಿ, ಮಣ್ಣಿನ ಗಡಿಗೆಗೆ ತುಂಬಿ, ಬಾಯಿ ಮುಚ್ಚಿ ಭಟ್ಟಿಯಲ್ಲಿ ಸುಟ್ಟು, ಗಟ್ಟಿಯಾದದ್ದನ್ನು ಕಬ್ಬಿಣದ ಗರಗಸದಿಂದ ಕೊಯ್ಯಬೇಕು. ನಾನು ಕಲ್ಲುಪ್ಪು ಕುಟ್ಟಿ, ಸ್ವಲ್ಪ ನೀರು ತಾಗಿಸಿ, ಸಣ್ಣ ಕುಡಿಕೆಯಲ್ಲಿ ಒತ್ತಿ ತುಂಬಿ, ಭಟ್ಟಿಯ ಮೂಲೆಯಲ್ಲಿ ರಾತ್ರಿಯೆಲ್ಲ ಬಿಟ್ಟೆ. ಬೆಳಗ್ಗೆ ಚಾಕು ಇಳಿಯಲಿಲ್ಲ. ಗರಗಸವೇ ಬೇಕಾಯಿತು. ಹಿಟ್ಟಿಗೆ ಬೆರೆಸಿದೆ. ಬಲಿ ಕೊಡುವ ವಿಚಾರ ಇರಲಿಲ್ಲ, ಸೌತೆಕಾಯಿಗೆ ಹಚ್ಚಿಕೊಂಡು ತಿಂದೆವು.

ಮಾಡಿ ನೋಡುವವರಿಗೆ ಒಂದೆರಡು ಮಾತು. ಬಿತ್ತನೆಗೆ ಔಷಧಿ ಸವರಿದ ಬೀಜ ಮುಟ್ಟಲೇಬೇಡಿ, ಸವರದ್ದನ್ನೇ ಕೇಳಿ ತನ್ನಿ. ಬಾಣಲೆಯಲ್ಲಿ ಒಮ್ಮೆಗೆ ಎರಡು ಮುಷ್ಟಿಗಿಂತ ಜಾಸ್ತಿ ಬೇಡ, ಭಟ್ಟಿಗೆ ಒಂದು ಕಿಲೋ ಸಾಕು. ಪಕ್ಕದಲ್ಲಿ ನೀರಿನ ಬಕೆಟ್ ಮತ್ತು ಬಾಣಲೆಗೆ ಸರಿಹೊಂದುವ ಮುಚ್ಚಳ ಇರಲಿ. ಗಾಳಿ ಬೀಸುವ ದಿನ ಹೊರಗೆ ಹುರಿಯಬೇಡಿ, ಕೇರೋದನ್ನು ಮಾತ್ರ ಅಂಥ ದಿನಕ್ಕೇ ಇಟ್ಟುಕೊಳ್ಳಿ. ಹುರಿದ ಕಾಳು ಬಿಗಿ ಡಬ್ಬಿಯಲ್ಲಿ ತಿಂಗಳುಗಟ್ಟಲೆ ಕೆಡೋದಿಲ್ಲ, ಬೀಸಿದ ಹಿಟ್ಟು ಮಾತ್ರ ಬೇಗ ಮುಗ್ಗುತ್ತದೆ, ಬೇಕಾದಾಗ ಬೇಕಾದಷ್ಟೇ ಬೀಸಿಕೊಳ್ಳಿ. ಉಳಿದ ಹೊಟ್ಟನ್ನು ನಾನು ಭಟ್ಟಿಯ ಬಿರುಕಿಗೆ ಮೆತ್ತುವ ಮಣ್ಣಿಗೆ ಬೆರೆಸುತ್ತೇನೆ.